ಮಗನಿಗೆ ಆಟಿಸಂ ಇದೆ, ಆದ್ರೂ ಅವನಿಗೊಬ್ಬ ಕಾಣದ ಫ್ರೆಂಡ್ ಇದಾನೆ, ಹೀಗೂ ಇರುತ್ತಾ?

ಹದಿನೇಳರ_ಅಮ್ಮ:

ಎಲ್ರಿಗೂ ನಮಸ್ಕಾರ, ತುಂಬಾ ದಿನದಿಂದ ಇಲ್ಲಿ ಬರೀ ಓದ್ತಾ ಇದ್ದೆ, ಬರೀತಿರೋದು ಇವತ್ತೇ ಮೊದಲು. ಸ್ವಲ್ಪ ಉದ್ದ ಆಗುತ್ತೆ, ಬೇಜಾರ್ ಮಾಡ್ಕೋಬೇಡಿ.

ನನ್ ಮಗನಿಗೆ ಈಗ ಆರು ವರ್ಷ. ಮೂರೂವರೆ ಇದ್ದಾಗ ಆಟಿಸಂ ಅಂತ ಹೇಳಿದ್ರು. ಮಾತು ತಡವಾಗಿ ಬಂತು, ಈಗ ಚೆನ್ನಾಗೇ ಮಾತಾಡ್ತಾನೆ ಆದ್ರೆ ಅವನಿಗಿಷ್ಟ ಇರೋ ವಿಷಯ ಮಾತ್ರ, ಅಂದ್ರೆ ನಂಬರ್‌ಗಳು. ಚಿಕ್ಕವನಿದ್ದಾಗ ಗೊಂಬೆಗೆ ಊಟ ಮಾಡ್ಸೋದು, ಖಾಲಿ ಕಪ್ ಎತ್ತಿ ಕುಡಿದಂಗೆ ಮಾಡೋದು ಇದ್ಯಾವ್ದೂ ಇರ್ಲಿಲ್ಲ, ಕಾರ್ ಕೊಟ್ರೆ ಚಕ್ರ ತಿರುಗಿಸ್ತಾ ಕೂರೋನು ಇಲ್ಲಾ ಗೋಡೆ ಪಕ್ಕ ಸಾಲಾಗಿ ನಿಲ್ಸೋನು. ಪ್ರಿಟೆಂಡ್ ಪ್ಲೇ ಇಲ್ಲ ಅಂತ ರಿಪೋರ್ಟಲ್ಲೂ ಬರ್ದಿದ್ರು.

ಈಗ ಏಳೆಂಟು ತಿಂಗಳಿಂದ ಅವನಿಗೊಬ್ಬ ಫ್ರೆಂಡ್ ಇದಾನೆ. ಹೆಸರು ಹದಿನೇಳು. ಹೌದು, ನಂಬರ್ 17 ನೇ. ಸೋಫಾದ ಎಡಗಡೆ ಮೂಲೇಲಿ ಕೂರ್ತಾನೆ, ಅಲ್ಲಿ ಬೇರೆ ಯಾರಾದ್ರೂ ಕೂತ್ರೆ ರಂಪ. ಹದಿನೇಳುಗೆ ವಾಷಿಂಗ್ ಮಷೀನ್ ಸೌಂಡ್ ಆಗಲ್ವಂತೆ. ಅವನನ್ನ ಯಾರೂ ಭಾಗ ಮಾಡಕ್ಕಾಗಲ್ಲ ಅದಕ್ಕೇ ಅವನಿಗೆ ಸ್ವಲ್ಪ ಜಂಭ ಅಂತೆ (ನನಗೆ ಇದು ಅರ್ಥ ಆಗೋಕೇ ಎರಡು ದಿನ ಬೇಕಾಯ್ತು). ಹದಿನೆಂಟು ಪಕ್ಕದ್ಮನೆಯವನು, ಇಬ್ರಿಗೂ ಅಷ್ಟಕ್ಕಷ್ಟೇ.

ನಂಗೆ ನಿಜ ಹೇಳ್ಬೇಕಂದ್ರೆ ಖುಷಿನೇ ಆಗಿತ್ತು. ಆದ್ರೆ ಹೋದ ವಾರ ಥೆರಪಿಸ್ಟ್ ಹತ್ರ ಹೇಳಿದ್ರೆ, ಆಟಿಸಂ ಮಕ್ಕಳಿಗೆ ಕಲ್ಪನೆ ಇರಲ್ಲ ಮೇಡಂ, ಎಲ್ಲೋ ವಿಡಿಯೋ ನೋಡಿ ಕಾಪಿ ಮಾಡ್ತಿದಾನೆ, ಇಲ್ಲಾಂದ್ರೆ ಡಯಾಗ್ನೋಸಿಸ್ಸೇ ಇನ್ನೊಂದ್ಸಲ ನೋಡ್ಬೇಕು ಅಂದ್ರು. ಇತ್ತ ನಮ್ಮತ್ತೆ, ಹುಡುಗ ಒಬ್ಬೊಬ್ನೇ ಮಾತಾಡ್ತಾನೆ, ಕಿವೀಲಿ ಏನಾದ್ರೂ ಕೇಳ್ಸುತ್ತೋ ಏನೋ ಅಂತ ದಿನಾ ಹೆದರಿಸ್ತಾರೆ. ಸ್ಕೂಲಲ್ಲಿ ಟೀಚರ್ ಈ ಅಭ್ಯಾಸ ಬಿಡ್ಸಿ ಅಂತಾರೆ. ಮೂರು ಜನ ಮೂರು ದಿಕ್ಕು. ಬಿಡ್ಸಬೇಕಾ, ಬಿಟ್ಟುಬಿಡಬೇಕಾ, ಡಾಕ್ಟರ್ ಹತ್ರ ಓಡಬೇಕಾ?

ಆಟದ_ಟೀಚರ್:

ನಾನು ಸ್ಪೆಷಲ್ ಎಜುಕೇಟರ್, ಹದಿನಾಲ್ಕು ವರ್ಷದಿಂದ ಇದೇ ಕೆಲಸ. ಮೊದಲು ಒಂದು ಮಾತು, ಹದಿನೇಳು ಬಂದ ಅಂತ ಡಯಾಗ್ನೋಸಿಸ್ ಬಿದ್ದೋಗಲ್ಲ.

ನಿಮ್ಮ ಥೆರಪಿಸ್ಟ್ ಹೇಳಿದ್ದು ಪೂರ್ತಿ ಗಾಳಿ ಮಾತೂ ಅಲ್ಲ, ಹಳೇ ಮಾತು ಅಷ್ಟೇ. 1979 ರಲ್ಲಿ ಲೋರ್ನಾ ವಿಂಗ್, ಜೂಡಿತ್ ಗೌಲ್ಡ್ ಅನ್ನೋರು ಲಂಡನ್ನಲ್ಲಿ ಮಾಡಿದ ಸ್ಟಡಿಯಿಂದ ಬೆರೆಯೋದು, ಮಾತು, ಕಲ್ಪನೆ ಈ ಮೂರರಲ್ಲೂ ತೊಂದ್ರೆ ಒಟ್ಟಿಗೇ ಬರುತ್ತೆ ಅನ್ನೋ ಮಾತು ಗಟ್ಟಿ ಆಯ್ತು. 1987 ರಲ್ಲಿ ಅಲನ್ ಲೆಸ್ಲಿ ಅನ್ನೋರು, ಬಾಳೆಹಣ್ಣನ್ನ ಫೋನ್ ಅಂದ್ಕೊಳ್ಳೋಕೂ ಇನ್ನೊಬ್ರ ಮನಸ್ಸಲ್ಲಿ ಏನಿದೆ ಅಂತ ಊಹಿಸೋಕೂ ತಲೇಲಿ ಒಂದೇ ಥರದ ಕೆಲಸ ಆಗ್ಬೇಕು, ಆಟಿಸಂನಲ್ಲಿ ಅದೇ ಎಡವುತ್ತೆ ಅಂತ ವಾದ ಮಾಡಿದ್ರು. ಅಲ್ಲಿಂದ ಜನ ಬಾಯಿಪಾಠ ಮಾಡ್ಕೊಂಡಿದ್ದು 'ಇವರಿಗೆ ಕಲ್ಪನೆ ಇಲ್ಲ' ಅಂತ. 16 ರಿಂದ 30 ತಿಂಗಳ ಮಕ್ಕಳಲ್ಲಿ ಆಟಿಸಂ ಲಕ್ಷಣ ಇದೆಯಾ ಅಂತ ನೋಡೋಕೆ ಅಪ್ಪ ಅಮ್ಮನ್ನ ಕೇಳೋ ಎಂ-ಚಾಟ್ ಪ್ರಶ್ನೆಪಟ್ಟೀಲಿ ಇವತ್ತಿಗೂ ಖಾಲಿ ಕಪ್ಪಿಂದ ಕುಡಿದಂಗೆ, ಫೋನಲ್ಲಿ ಮಾತಾಡಿದಂಗೆ ಆಡ್ತಾನಾ ಅಂತ ಕೇಳ್ತಾರೆ, ಅದು ಸರಿನೇ, ಆ ವಯಸ್ಸಲ್ಲಿ ಅದು ಕಾಣ್ಲಿಲ್ಲ ಅಂದ್ರೆ ಗಮನ ಕೊಡ್ಬೇಕು. ಆದ್ರೆ ಎರಡು ವರ್ಷಕ್ಕೆ ಇರ್ಲಿಲ್ಲ ಅಂದಿದ್ದು ಆರು ವರ್ಷಕ್ಕೂ ಇರಬಾರ್ದು ಅಂತ ಎಲ್ಲಿದೆ?

1988 ರಲ್ಲೇ ಲೂಯಿಸ್ ಮತ್ತು ಬೌಚರ್ ಅಂತ ಇಬ್ರು, ಚೆನ್ನಾಗಿ ಮಾತಾಡೋ ಆಟಿಸಂ ಮಕ್ಕಳ ಕೈಗೆ ಸಾಮಾನು ಕೊಟ್ಟು 'ಇದ್ರಲ್ಲಿ ಏನೇನ್ ಮಾಡ್ಬೋದು ತೋರ್ಸು' ಅಂದಾಗ ಬೇರೆ ಮಕ್ಕಳಷ್ಟೇ ಪ್ರಿಟೆಂಡ್ ಪ್ಲೇ ಆಡಿದ್ರು ಅಂತ ಬರೆದ್ರು. ಅಂದ್ರೆ ಎಷ್ಟೋ ಮಕ್ಕಳಿಗೆ ಆಡಕ್ಕೆ ಬರುತ್ತೆ, ತಾವಾಗೇ ಶುರು ಮಾಡೋದು ಕಮ್ಮಿ. ಡಾಕ್ಟರ್‌ಗಳು ಡಯಾಗ್ನೋಸಿಸ್‌ಗೆ ನೋಡೋ ಕೈಪಿಡಿ, 2013 ರ ಡಿಎಸ್ಎಂ-5 ನಲ್ಲೂ ಕಲ್ಪನೆಯ ಆಟವನ್ನ ಇನ್ನೊಬ್ರ ಜೊತೆ ಹಂಚ್ಕೊಳ್ಳೋದು ಕಷ್ಟ ಅಂತ ಇದೆ, ಕಲ್ಪನೆನೇ ಇಲ್ಲ ಅಂತ ಇಲ್ಲ. ಈ ಹಂಚ್ಕೊಳ್ಳೋದು ಅನ್ನೋ ಪದಾನೇ ಎಲ್ರೂ ನುಂಗಿಬಿಡ್ತಾರೆ.

ಇನ್ನು ಕಾಣದ ಫ್ರೆಂಡ್ ವಿಷಯ. 2018 ರಲ್ಲಿ ಬಂದ ಸ್ಟಡೀಲಿ 2 ರಿಂದ 8 ವರ್ಷದ ಮಕ್ಕಳ ಅಪ್ಪ ಅಮ್ಮಂದ್ರನ್ನ ಕೇಳಿದ್ರು. ಆಟಿಸಂ ಇರೋ 111 ಮಕ್ಕಳಲ್ಲಿ 18 ಜನಕ್ಕೆ, ಇಲ್ಲದ 104 ಮಕ್ಕಳಲ್ಲಿ 44 ಜನಕ್ಕೆ ಇಂಥ ಫ್ರೆಂಡ್ ಇದ್ರು. ಕಮ್ಮಿ, ನಿಜ, ಆದ್ರೆ ಆ ಫ್ರೆಂಡ್‌ಗಳು ಇರೋ ರೀತಿ ಎರಡೂ ಕಡೆ ಹೆಚ್ಚೂ ಕಮ್ಮಿ ಒಂದೇ ಥರ. ಜೊತೆಗೆ ಇದು ಅಪ್ಪ ಅಮ್ಮ ಹೇಳಿದ್ದು ಅನ್ನೋದು ನೆನಪಿಡಿ, ಹೇಳ್ಕೊಳ್ಳದೇ ಇರೋ ಮಗು ಲೆಕ್ಕಕ್ಕೇ ಬಂದಿರಲ್ಲ.

ಟೀಚರ್‌ಗೆ ಹೇಳಿ, ಬಿಡ್ಸೋ ಅಂಥದ್ದೇನಿಲ್ಲ ಅಂತ.

ಸಾಲು_ಕಾರುಗಳ_ಅಪ್ಪ:

ಟೀಚರ್ ಹೇಳಿದ್ದು ಒಪ್ತೀನಿ ಆದ್ರೆ ಸ್ವಲ್ಪ ಬ್ರೇಕ್ ಹಾಕೋಕೆ ಬಂದೆ. ನನ್ ಮಗಳಿಗೆ ಒಂಬತ್ತು. ಅವಳು ಗೊಂಬೆಗಳನ್ನ ಇಟ್ಕೊಂಡು ಗಂಟೆಗಟ್ಲೆ ಮಾತಾಡ್ತಿದ್ಲು, ದನಿ ಎಲ್ಲಾ ಬದಲಾಯಿಸಿ, ನಾವು ಆಹಾ ಏನ್ ಕಲ್ಪನೆ ಅಂತ ನೆಂಟರಿಗೆಲ್ಲ ವಿಡಿಯೋ ಕಳ್ಸಿದ್ವಿ. ಆಮೇಲೆ ಒಂದಿನ ಗೊತ್ತಾಯ್ತು, ಒಂದು ಕಾರ್ಟೂನ್ ಎಪಿಸೋಡು, ಒಂದಕ್ಷರ ಆಚೀಚೆ ಇಲ್ಲ, ಮಧ್ಯದಲ್ಲಿ ಬರೋ ಜಾಹೀರಾತು ಸಮೇತ. ಹಂಗಾಗಿ ವಿಡಿಯೋ ಕಾಪಿ ಅನ್ನೋದು ಇರೋದೇ, ನಿಮ್ಮ ಥೆರಪಿಸ್ಟನ್ನ ಪೂರ್ತಿ ಬೈಬೇಡಿ. ಆದ್ರೆ ಸೋಫಾ ಮೂಲೇಲಿ ಕೂತು ಜಂಭ ಪಡೋ 17 ಯಾವ ಕಾರ್ಟೂನಲ್ಲೂ ನಾನಂತೂ ನೋಡಿಲ್ಲ!

ನಾನು ಮಾಡಿದ ತಪ್ಪು ಹೇಳ್ತೀನಿ ಕೇಳಿ. ಜೊತೆಗೆ ಆಡಿ, ಆಟ ಬೆಳೆಸಿ ಅಂತ ಎಲ್ಲೋ ಓದಿ, ನಡುವೆ ಕೂತು 'ಈ ಗೊಂಬೆಗೆ ನಿದ್ದೆ ಬಂತಂತೆ' ಅಂದೆ. ಕಿರುಚಿದ್ಲು ನೋಡಿ. ಅದಾದ್ಮೇಲೆ ಮೂರು ತಿಂಗಳು ನಾನು ರೂಮಿಗೆ ಕಾಲಿಟ್ರೆ ಆಟ ಬಂದ್. ಅವಳ ಗೊಂಬೆ ಬಾಯಿಗೆ ನನ್ ಮಾತು ತುರುಕಿದ್ದೆ ಅನ್ನೋದು ಆಮೇಲೆ ಹೊಳೀತು. ಈಗ ಬರೀ ಪಕ್ಕದಲ್ಲಿ ಕೂತು ನಂದೊಂದು ಗೊಂಬೆ ಇಟ್ಕೊಂಡು ಸುಮ್ನಿರ್ತೀನಿ. ಆರು ವಾರ ಆದ್ಮೇಲೆ ನನ್ ಗೊಂಬೆಗೂ ಒಂದು ಡೈಲಾಗ್ ಕೊಟ್ಲು, ಅದೂ ಬೈಗುಳ. ಹದಿನೇಳು ಹಿಂಗಂದ ಹಂಗಂದ ಅಂತ ನೀವಾಗೇ ಹೇಳೋಕೆ ಮಾತ್ರ ಹೋಗ್ಬೇಡಿ.

ಕಿಟಕಿ_ಸೀಟು:

ನಾನು ಅಪ್ಪ ಅಮ್ಮ ಅಲ್ಲ, ನಾನೇ ಆಟಿಸ್ಟಿಕ್. ಐದು ವರ್ಷಕ್ಕೆ ಡಯಾಗ್ನೋಸಿಸ್ ಆಯ್ತು, ಈಗ ಇಪ್ಪತ್ತಾರು.

ನಂಗೆ ಒಬ್ಬ ಫ್ರೆಂಡ್ ಅಂತ ಇರ್ಲಿಲ್ಲ, ಇಡೀ ಊರೇ ಇತ್ತು. ಹನ್ನೊಂದು ಬಸ್ ರೂಟ್, ಪ್ರತಿ ರೂಟಿಗೂ ಟೈಮಿಂಗ್ಸ್, ನಾಲ್ಕನೇ ರೂಟಿನ ಡ್ರೈವರ್ ಯಾವಾಗ್ಲೂ ಲೇಟು ಯಾಕಂದ್ರೆ ಅವನಿಗೆ ಸೇತುವೆ ಕಂಡ್ರೆ ಭಯ. ಹೊರಗಿಂದ ನೋಡೋರಿಗೆ ನಾನು ಗೋಡೆ ನೋಡ್ತಾ ಸುಮ್ನೆ ಕೂತಿರೋ ಮಗು. ನನ್ ರಿಪೋರ್ಟಲ್ಲೂ ಇದೆ, ಪ್ರಿಟೆಂಡ್ ಪ್ಲೇ ಇಲ್ಲ ಅಂತ. ಅದನ್ನ ಬರೆಯೋ ಹೊತ್ತಿಗೆ ಬಹುಶಃ ನಾಲ್ಕನೇ ಬಸ್ಸು ಸೇತುವೆ ಹತ್ರ ನಿಂತಿತ್ತು.

ಇನ್ನೊಂದು ಕಡೆ ಥೆರಪೀಲಿ ಗೊಂಬೆಗೆ ಸ್ನಾನ ಮಾಡ್ಸೋದನ್ನ ಕಲಿಸಿದ್ರು. ಐದಕ್ಕೆ ಐದು ಸಲ ಸರಿಯಾಗಿ ಮಾಡಿದ್ರೆ ಸ್ಟಿಕರ್. ಮಾಡ್ತಿದ್ದೆ, ಸ್ಟಿಕರ್ ತಗೋತಿದ್ದೆ. ಪೇಪರಲ್ಲಿ ಅದು ಆಟ, ನಂಗೆ ಹೋಂವರ್ಕು. ನಿಜವಾದ ಆಟದ ಬಗ್ಗೆ ಯಾರೂ ಕೇಳ್ಲಿಲ್ಲ, ನಾನೂ ಹೇಳ್ಲಿಲ್ಲ, ಹೇಳ್ಬೇಕು ಅನ್ನೋದೇ ಗೊತ್ತಿರ್ಲಿಲ್ಲ.

ನಂಬರ್‌ಗೆ ಜಂಭ ಇರೋದು ನಂಗೇನೂ ವಿಚಿತ್ರ ಅನ್ಸಲ್ಲ. ಡಬ್ಬೀಲಿ ಕೊನೇಗೆ ಉಳಿಯೋ ಪೆನ್ಸಿಲ್‌ಗೆ ಬೇಜಾರಾಗುತ್ತೆ ಅಂತ ಎಲ್ಲಾ ಪೆನ್ಸಿಲ್ಲನ್ನೂ ಸರದಿ ಪ್ರಕಾರ ಬಳಸ್ತಿದ್ದೆ, ಈಗ್ಲೂ ಮಗ್‌ಗಳ ವಿಷಯದಲ್ಲಿ ಅದೇ ಕಥೆ. 2019 ರಲ್ಲಿ ಇದರ ಬಗ್ಗೆನೇ ಒಂದು ಪೇಪರ್ ಬಂತು, ಹಿಂಗೆ ವಸ್ತುಗಳಿಗೆ ಮನಸ್ಸಿದೆ ಅಂತ ಅನ್ಸೋದು ಆಟಿಸ್ಟಿಕ್ ದೊಡ್ಡವರಲ್ಲಿ ಬೇರೆಯವರಿಗಿಂತ ಜಾಸ್ತಿ ಅಂತ. ಮನುಷ್ಯರ ಭಾವನೆ ಗೊತ್ತಾಗಲ್ಲ ಅಂತ ಬೈಸ್ಕೊಂಡೋರು ಪೆನ್ಸಿಲ್ಲಿಗೆ ಅಳ್ತಾ ಕೂತಿದ್ವಿ ನೋಡಿ.

ದಯವಿಟ್ಟು ಹದಿನೇಳನ್ನ ಥೆರಪಿ ಟಾರ್ಗೆಟ್ ಮಾಡ್ಬೇಡಿ.

ಹದಿನೇಳರ_ಅಮ್ಮ:

ಎಲ್ರಿಗೂ ಥ್ಯಾಂಕ್ಸ್. ಕಿಟಕಿ ಸೀಟು, ನೀವು ಬರ್ದಿದ್ದು ಓದಿ ಕಣ್ಣಲ್ಲಿ ನೀರು ಬಂತು, ಸೇತುವೆ ಡ್ರೈವರ್ ನೆನೆಸ್ಕೊಂಡು ನಗೂನೂ ಬಂತು. ಟೀಚರ್ ಅವ್ರೇ, ಅತ್ತೆ ಹೇಳೋ ಕಿವೀಲಿ ಕೇಳ್ಸೋ ವಿಷಯ ಮಾತ್ರ ಮನಸ್ಸಿಂದ ಹೋಗ್ತಿಲ್ಲ. ನಿನ್ನೆ ನಾನೇ ಕೇಳ್ಬಿಟ್ಟೆ, ನಿಂಗೆ ಬೇರೆಯವ್ರಿಗೆ ಕೇಳ್ಸದೇ ಇರೋ ಶಬ್ದ ಏನಾದ್ರೂ ಕೇಳ್ಸುತ್ತಾ ಅಂತ. ಹೂಂ ಅಂದ. ಎದೆ ಧಸಕ್ ಅಂತು.

ಆಟದ_ಟೀಚರ್:

ಅಯ್ಯೋ, ಗಾಬರಿ ಆಗ್ಬೇಡಿ. ಈ ಪ್ರಶ್ನೇನ ನಮ್ಮ ಮಕ್ಕಳಿಗೆ ಹಿಂಗೆ ಕೇಳಲೇಬಾರ್ದು, ಅವರು ಪದಕ್ಕೆ ಪದ ತಗೋತಾರೆ. ಬೇರೆಯವರು ಗಮನಿಸದ ಶಬ್ದ ಅವನಿಗೆ ಕೇಳ್ಸೋದು ನಿಜಾನೇ ಅಲ್ವಾ, ಟ್ಯೂಬ್‌ಲೈಟ್ ಗುಂಯ್ ಅನ್ನೋದು, ಪಕ್ಕದ್ಮನೆ ಫ್ಯಾನು. ದೊಡ್ಡ ಕ್ಲಿನಿಕ್‌ಗಳಲ್ಲೂ ಮಗು ಇದೇ ಪ್ರಶ್ನೆಗೆ ಹೂಂ ಅಂದಿದ್ದಕ್ಕೆ, ಇಲ್ಲದ ದನಿ ಕೇಳ್ಸೋ ಕಾಯಿಲೆ ಅಂದ್ಕೊಂಡು ಸುಮ್ನೆ ಔಷಧಿ ತನಕ ಹೋದ ಕೇಸ್ ನೋಡಿದೀನಿ. ಯಾವ ಶಬ್ದ, ಎಲ್ಲಿಂದ ಬರುತ್ತೆ, ಬಂದಾಗ ಏನ್ ಮಾಡ್ತೀಯ ಅಂತ ಬಿಡಿಸಿ ಕೇಳಿ.

ನಾನು ನೋಡೋದು ಇಷ್ಟು: ಫ್ರೆಂಡ್ ಬರೋದು ಹೋಗೋದು ಮಗುವಿನ ಕೈಲಿದೆಯಾ, ಅವನ ಜೊತೆ ಇದ್ದಾಗ ಮಗು ಆರಾಮಾಗಿದೆಯಾ. ಇವೆರಡೂ ಹೌದಾದ್ರೆ ನಾನು ನಿದ್ದೆ ಕೆಡ್ಸ್ಕೊಳ್ಳಲ್ಲ. ಬದಲಿಗೆ ಕಳ್ಸಿದ್ರೂ ಹೋಗ್ತಿಲ್ಲ ಅಂತ ಹೆದರಿದ್ರೆ, ಹೊಡ್ಕೋ, ಹೊಡಿ ಅಂತ ಹೇಳ್ತಾನೆ ಅಂದ್ರೆ, ನಿದ್ದೆ ಊಟ ಕೆಟ್ರೆ, ಬರ್ತಿದ್ದ ಮಾತು ಕೆಲಸ ಹಿಂದಕ್ಕೆ ಹೋದ್ರೆ ಆಗ ತಡ ಮಾಡದೇ ಮಕ್ಕಳ ಸೈಕಿಯಾಟ್ರಿಸ್ಟ್ ಹತ್ರ ಹೋಗಿ, ಆಟಿಸಂ ಗೊತ್ತಿರೋರು ಆದ್ರೆ ಒಳ್ಳೇದು.

ಇನ್ನೊಂದು, ಹದಿನೇಳುಗೆ ಮಷೀನ್ ಸೌಂಡ್ ಆಗಲ್ಲ ಅಂದ್ರಲ್ಲ, ಮಗನಿಗೇ ಆಗ್ತಿಲ್ವೇನೋ ಒಂದ್ಸಲ ನೋಡಿ. 'ನಂಗೆ' ಅಂತ ಹೇಳಕ್ಕೆ ಬರದೇ ಇದ್ದಾಗ ಫ್ರೆಂಡ್ ಹೆಸರಲ್ಲಿ ಹೇಳೋದು ಉಂಟು. ಹಾಗಂತ ಹದಿನೇಳು ಹಲ್ಲುಜ್ಜು ಅಂದ ಅಂತ ನೀವು ಉಪಯೋಗಿಸ್ಕೋಬೇಡಿ, ಮೇಲೆ ಅಪ್ಪಾವ್ರು ಹೇಳಿದ ಗತಿ ಆಗುತ್ತೆ.

ಹದಿನೇಳರ_ಅಮ್ಮ:

ಅಪ್ಡೇಟ್. ಬಿಡಿಸಿ ಕೇಳಿದೆ. ಶಬ್ದ ಅಂದ್ರೆ ಫ್ರಿಜ್ಜಿಂದಂತೆ, ರಾತ್ರಿ ಎರಡು ಸಲ ಟಕ್ ಅನ್ನುತ್ತಂತೆ. ನಾನೂ ನಿಂತು ಕೇಳಿದೆ, ಹೌದು ಅನ್ನುತ್ತೆ. ಮಷೀನ್ ಹಾಕೋ ಮುಂಚೆ ಈಗ ಹೇಳಿ ಹಾಕ್ತೀನಿ, ಇಬ್ರೂ ರೂಮಿಗೆ ಹೋಗಿ ಬಾಗ್ಲು ಹಾಕ್ಕೋತಾರೆ.

ಆಮೇಲೆ ಧೈರ್ಯ ಮಾಡಿ, ಹದಿನೇಳು ನಿಜವಾಗ್ಲೂ ಇದಾನಾ ಕಂದಾ ಅಂತ ಕೇಳಿದೆ. ನನ್ನನ್ನ ಪೆದ್ದಿ ಥರ ನೋಡಿ, ಅಮ್ಮಾ ಅದು ನಂಬರ್ರು, ನಂಬರ್ ಎಲ್ಲಾದ್ರೂ ಸೋಫಾ ಮೇಲೆ ಕೂರುತ್ತಾ ಅಂದ. ಸರಿ ಅಂತ ನಿಟ್ಟುಸಿರು ಬಿಟ್ಟು ಎಡಗಡೆ ಮೂಲೇಲಿ ಕೂತೆ ನೋಡಿ, ಅಲ್ಲಲ್ಲ ಏಳು ಏಳು, ಅವನ ಮೇಲೇ ಕೂತ್ಯಲ್ಲಾ ಅಂತ ಎಬ್ಬಿಸಿಬಿಟ್ಟ.