ಈಗ್ತಾನೆ ಹುಟ್ಟಿದ ಮಗುಗೆ ಶ್ವಾಸಕೋಶದಲ್ಲಿ ಬಿಪಿ ಅಂತಿದಾರೆ, ಗೊತ್ತಿರೋರು ಹೇಳಿ ಪ್ಲೀಸ್

ಬೇಲೂರು_ಹುಡ್ಗ:
ತಂಗಿಗೆ ಮೊನ್ನೆ ಹಾಸನದಲ್ಲಿ ಹೆರಿಗೆ ಆಯ್ತು, ದಿನ ತುಂಬಿತ್ತು, ಆದ್ರೆ ಮಗು ಹೊಟ್ಟೆ ಒಳಗೇ ಮೋಷನ್ ಮಾಡ್ಕೊಂಡು ಅದನ್ನ ಉಸಿರಲ್ಲಿ ಎಳ್ಕೊಂಡಿದೆ ಅಂದ್ರು, ಹುಟ್ಟಿದ್ಮೇಲೆ ತುಟಿಯೆಲ್ಲ ನೀಲಿ, ಈಗ ಎನ್‌ಐಸಿಯುನಲ್ಲಿ ವೆಂಟಿಲೇಟರ್ ಹಾಕಿದಾರೆ. ಡಾಕ್ಟ್ರು ಪಿಪಿಎಚ್‌ಎನ್ ಅಂತಾರೆ, ಅಂದ್ರೆ ಶ್ವಾಸಕೋಶದ ರಕ್ತನಾಳದಲ್ಲಿ ಬಿಪಿ ಜಾಸ್ತಿ ಅಂತೆ. ನಮ್ಮಮ್ಮಂಗೆ ಬಿಪಿ ಇದೆ, ಅದೇ ಮಗುಗೂ ಬಂತಾ? ಚೀಟೀಲಿ ಸಿಲ್ಡೆನಾಫಿಲ್ ಅಂತಿದೆ, ಮೆಡಿಕಲ್‌ನವ್ರು ಅದು ಗಂಡಸರ ಮಾತ್ರೆ ಅಂದ್ರು, ತುಂಬಾ ಭಯ ಆಗ್ತಿದೆ. ಬೆಂಗಳೂರಿಗೆ ಕರ್ಕೊಂಡು ಹೋಗ್ಬಿಡೋದಾ?

ಸಿಸ್ಟರ್_ಚಿಕ್ಕಮಗಳೂರು:
ಅಣ್ಣ, ನಿಮ್ಮಮ್ಮನ ಬಿಪಿಗೂ ಇದಕ್ಕೂ ಸಂಬಂಧ ಇಲ್ಲ. ಹೊಟ್ಟೇಲಿರೋವಾಗ ಮಗುಗೆ ಆಕ್ಸಿಜನ್ ಮಾಸಿಂದ ಬರುತ್ತೆ, ಶ್ವಾಸಕೋಶದ ರಕ್ತನಾಳ ಬಿಗಿಯಾಗೇ ಇರುತ್ವೆ, ರಕ್ತ ಅದನ್ನ ಬಿಟ್ಟು ಬೇರೆ ದಾರೀಲಿ ಹೋಗುತ್ತೆ. ಹುಟ್ಟಿ ಉಸಿರು ಎಳ್ಕೊಂಡ ತಕ್ಷಣ ಆ ನಾಳ ಸಡಿಲ ಆಗ್ಬೇಕು. ಕೆಲವು ಮಕ್ಕಳಲ್ಲಿ ಆಗಲ್ಲ, ಸಾವಿರಕ್ಕೆ ಸುಮಾರು 2 ಮಕ್ಕಳಿಗೆ ಹೀಗಾಗುತ್ತೆ, ಮೋಷನ್ ಎಳ್ಕೊಂಡಿರೋದು ದೊಡ್ಡ ಕಾರಣ. ಸಿಲ್ಡೆನಾಫಿಲ್ ಆ ನಾಳಗಳನ್ನೇ ಸಡಿಲ ಮಾಡುತ್ತೆ, ತೂಕ ನೋಡಿ ಸಣ್ಣ ಡೋಸ್ ಕೊಡ್ತಾರೆ, ಮೆಡಿಕಲ್‌ನವ್ರ ಮಾತು ಕೇಳಿ ನಿಲ್ಲಿಸ್ಬೇಡಿ. ಮಗು ಬಲಗೈಗೊಂದು ಕಾಲಿಗೊಂದು ರಕ್ತದ ಆಕ್ಸಿಜನ್ ಅಳೆಯೋ ಪ್ರೋಬ್ ಕಟ್ಟಿರ್ತಾರೆ ನೋಡಿ, ಕೈಯಲ್ಲಿ 95 ಇದ್ದು ಕಾಲಲ್ಲಿ 83 ಅಂತ ಬಂದ್ರೆ ರಕ್ತ ಇನ್ನೂ ಹಳೇ ದಾರೀಲೇ ಹೋಗ್ತಿದೆ ಅಂತ. ಎಕೋ (ಹಾರ್ಟ್ ಸ್ಕ್ಯಾನ್) ಆಯ್ತಾ ಕೇಳಿ.

ಮೂಡಿಗೆರೆ_ಅಮ್ಮ:
ನನ್ ಮಗಳಿಗೂ ಇದೇ ಆಗಿತ್ತು, ಈಗ ಅಂಗನವಾಡಿಗೆ ಹೋಗ್ತಾಳೆ. ಒಂದ್ ಮಾತು, ನೋಡೋಕೆ ಹೋದಾಗ ಮುಟ್ಟಿ ಎಬ್ಬಿಸ್ಬೇಡಿ, ಜೋರಾಗಿ ಮಾತಾಡ್ಬೇಡಿ. ನಾನು ಪಾದ ಸವರಿದ್ದಕ್ಕೇ ಅವಳ ಸ್ಯಾಚುರೇಶನ್ (ರಕ್ತದ ಆಕ್ಸಿಜನ್) ಸರ್ರಂತ ಇಳೀತು, ಅವತ್ತಿಂದ ಕೈಕಟ್ಟಿ ನಿಂತ್ಕೊಂಡೇ ನೋಡ್ತಿದ್ದೆ. ತಂಗಿಗೆ ಹಾಲು ಹಿಂಡ್ತಾ ಇರೋಕೆ ಹೇಳಿ, ಇಲ್ದಿದ್ರೆ ಬತ್ತೋಗುತ್ತೆ.

ಬೇಲೂರು_ಹುಡ್ಗ:
ತುಂಬಾ ಥ್ಯಾಂಕ್ಸ್ ಅಕ್ಕ. ಎಕೋ ಆಗಿದೆಯಂತೆ, ಹಾರ್ಟಲ್ಲಿ ತೊಂದ್ರೆ ಇಲ್ಲ ಅಂದ್ರು. ಬೆಂಗಳೂರು?

ಸಿಸ್ಟರ್_ಚಿಕ್ಕಮಗಳೂರು:
ನೀವಾಗೇ ಡಿಸ್ಚಾರ್ಜ್ ಮಾಡಿಸ್ಕೊಂಡು ಮಾತ್ರ ಹೊರಡ್ಬೇಡಿ, ಇಂಥ ಮಗುಗೆ ಅಲುಗಾಟನೇ ಕಷ್ಟ. ಡಾಕ್ಟ್ರತ್ರ ಓಐ (ಆಕ್ಸಿಜನೇಶನ್ ಇಂಡೆಕ್ಸ್, ಜಾಸ್ತಿ ಇದ್ದಷ್ಟೂ ತೊಂದ್ರೆ ಜಾಸ್ತಿ) ಎಷ್ಟಿದೆ ಅಂತ ಕೇಳಿ, 25 ದಾಟಿದ್ರೆ ಸಾಮಾನ್ಯವಾಗಿ ಶ್ವಾಸಕೋಶದ ನಾಳ ಸಡಿಲ ಮಾಡೋ ನೈಟ್ರಿಕ್ ಆಕ್ಸೈಡ್ ಗ್ಯಾಸ್ ಬಗ್ಗೆ ಯೋಚ್ನೆ ಮಾಡ್ತಾರೆ, ಅದು ಎಲ್ಲಾ ಕಡೆ ಇರಲ್ಲ. ಅವ್ರೇ ಕಳಿಸಿದ್ರೆ ವೆಂಟಿಲೇಟರ್ ಇರೋ ಆಂಬುಲೆನ್ಸಲ್ಲಿ, ಎಳೇ ಮಕ್ಕಳನ್ನ ನೋಡಿ ಅಭ್ಯಾಸ ಇರೋರ ಜೊತೆ ಹೋಗಿ. ಮನೆಗೆ ಬಂದ್ಮೇಲೆ ಕಿವಿ ಟೆಸ್ಟ್ ತಪ್ಪಿಸ್ಬೇಡಿ, ಈ ಮಕ್ಕಳಲ್ಲಿ ಕೆಲವ್ರಿಗೆ ಕಿವಿ ತೊಂದ್ರೆ ತಡವಾಗಿ ಕಾಣಿಸ್ಕೊಳ್ಳುತ್ತೆ, ಒಂದ್ಸಲ ಪಾಸ್ ಆಯ್ತು ಅಂತ ಬಿಡ್ಬೇಡಿ, ಡಾಕ್ಟ್ರು ಹೇಳ್ದಾಗೆಲ್ಲ ಮತ್ತೆ ಮಾಡಿಸಿ. ನಾಳೆ ಹೇಗಿದೆ ಅಂತ ಇಲ್ಲೇ ಹಾಕಿ ಅಣ್ಣ.