ಪದ ಬೇಕು: ಜೀಪಿನ ಶಾಫ್ಟ್ 'ವೈಬ್ರೇಷನ್' ಕಂಪನವೋ, ಅದುರೋ, ನಡುಕವೋ?

ಕಳಸದಿಂದ, ಸೋಮವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ನನಗೆ ಶುಕ್ರವಾರದೊಳಗೆ ನಾಲ್ಕೈದು ಪದ ಬೇಕು.

ಕಳಸದ ಹತ್ತಿರ ನಮ್ಮ ಚಿಕ್ಕಪ್ಪನ ಗ್ಯಾರೇಜಿದೆ. ಕ್ಯಾತನಮಕ್ಕಿ ಗುಡ್ಡಕ್ಕೆ ಜನರನ್ನು ಹತ್ತಿಸುವ ಜೀಪುಗಳು, ತೋಟದ ಜೀಪುಗಳು ಬರುತ್ತವೆ. ಹಳೇ ಮಹೀಂದ್ರ ಎಂಎಂ 540 ಜಾಸ್ತಿ. ಕಲ್ಲು ತಾಗಬಾರದು ಅಂತ ಎಲ್ಲರೂ ಎತ್ತರ ಮಾಡಿಸಿರುತ್ತಾರೆ. ಆಕ್ಸಲ್ ಕೆಳಗಿದ್ದ ಲೀಫ್ ಸ್ಪ್ರಿಂಗನ್ನು ಮೇಲೆ ಕೂರಿಸಿದರೆ ಗಾಡಿ ನಾಲ್ಕೈದು ಇಂಚು ಏಳುತ್ತೆ. ಎರಡು ವಾರ ಬಿಟ್ಟು ಅದೇ ಗಾಡಿ ವಾಪಸ್ ಬರುತ್ತೆ. "ಅಣ್ಣಾ, ಐವತ್ತು ದಾಟಿದ್ರೆ ವೈಬ್ರೇಷನ್." ಹೆಚ್ಚಾಗಿ ಕಾರಣ ಶಾಫ್ಟ್, ಅಂದರೆ ಗೇರ್‌ಬಾಕ್ಸ್ ಕಡೆಯ ತಿರುವನ್ನು ಆಕ್ಸಲಿಗೆ ಒಯ್ಯುವ ಉದ್ದ ಕೊಳವೆ.

ಹುಡುಗರಿಗೆ ಅಂತ ಎರಡು ಪುಟದ ಚೀಟಿ ಬರೆಯುತ್ತಿದ್ದೇನೆ. ಅದರ ಮುಖ್ಯ ಸಾಲುಗಳನ್ನು ಗೋಡೆಗೂ ಬರೆಸಬೇಕು. ಪೇಂಟರು ಶನಿವಾರ ಬರುತ್ತಾರೆ. ಇಂಗ್ಲಿಷ್ ಕೈಪಿಡಿಯಲ್ಲಿ ವೈಬ್ರೇಷನ್, ಶಡರ್, ಶಿಮ್ಮಿ, ಹಮ್, ಕ್ಲಂಕ್ ಅಂತ ಐದು ಮಾತಿವೆ. ಐದೂ ಬೇರೆ ಬೇರೆ ಕಾಯಿಲೆ. ನಿಘಂಟು ತೆಗೆದರೆ ಕಂಪನ, ಕಂಪನ, ಕಂಪನ. ಎಲ್ಲಕ್ಕೂ ಅದನ್ನೇ ಬರೆದರೆ ಹುಡುಗ ಯಾವ ಬೋಲ್ಟ್ ಬಿಚ್ಚಬೇಕು?

ಇನ್ನೊಂದು ತೊಡಕು 'ಫೇಸ್', ಅಂದರೆ ಶಾಫ್ಟಿನ ಎರಡು ತುದಿಯ ಕವೆಗಳು ಒಂದೇ ನೇರಕ್ಕಿರುವುದು. ಮೊದಲ ಚೀಟಿಯಲ್ಲಿ ನಾನು 'ಶಾಫ್ಟಿನ ಹಂತ ಪರೀಕ್ಷಿಸಿ' ಅಂತ ಬರೆದಿದ್ದೆ. ಹುಡುಗ ಅದನ್ನು ಕೆಲಸದ ಹಂತ ಅಂದುಕೊಂಡ. ಒಂದು, ಎರಡು, ಮೂರು ಅಂತ ಎಲ್ಲ ಹಂತ ಮಾಡಿದೆ ಅಂದ. ಶಾಫ್ಟಿನ ಎರಡು ತುಂಡನ್ನು ಸ್ಲಿಪ್ ಹತ್ತಿರ, ಅಂದರೆ ಒಂದರೊಳಗೊಂದು ಜಾರುವ ಕಡೆ ಬಿಚ್ಚಿ, ಬಾಣದ ಗುರುತು ನೋಡದೆ ಜೋಡಿಸಿದ್ದ. ಗಾಡಿ ಮೊದಲಿಗಿಂತ ಹೆಚ್ಚು ಅಲುಗಾಡಿತು. ತಪ್ಪು ಅವನದಲ್ಲ, ನನ್ನ ಪದದ್ದು.

ಶಾಫ್ಟಿನ ತುದಿಯ ಜಾಯಿಂಟಿನಲ್ಲಿ ನಾಲ್ಕು ತೋಳಿನ ಕ್ರಾಸ್ ಇರುತ್ತೆ, ಅದನ್ನು ಹಿಡಿಯುವ ಕವೆ ಯೋಕ್. ಆ ಯೋಕ್, ಜಾಯಿಂಟಿನ ಆಂಗಲ್ ಇವಕ್ಕೂ ಹೇಳಿ. ದಯವಿಟ್ಟು ಬೇಗ.

ಮರು: ಬೆಂಗಳೂರಿನಿಂದ, ಮಂಗಳವಾರ ಬೆಳಿಗ್ಗೆ

ಕಂಪನ ಸಂಸ್ಕೃತ. ಬಿಡಿ.

ನಮ್ಮದೇ ಪದ ಇದೆ: ಅದಿರು. ಹಳಗನ್ನಡದಲ್ಲಿ ಅದಿರ್, ತಮಿಳಿನಲ್ಲೂ ಅದಿರ್. ವೈಬ್ರೇಷನ್ ಅಂದರೆ ಅದಿರಿಕೆ. ಶಾಫ್ಟ್ ಅಂದರೆ ತಿರುಗುಗೋಲು. ಕ್ರಾಸ್ ಅಂದರೆ ಕೂಡುಶಿಲುಬೆ. ಆಂಗಲ್ ಅಂದರೆ ಮುರಿ. ಬರೆಸಿ.

ಮರು: ಸಂಡೂರಿನಿಂದ, ಮಂಗಳವಾರ ಮಧ್ಯಾಹ್ನ

ಅದಿರು ಅಂತ ಗೋಡೆ ಮೇಲೆ ಬರೆಸಬೇಡಿ. ನಮ್ಮ ಕಡೆ ಅದಿರು ಅಂದರೆ ಗಣಿಯಿಂದ ಲಾರಿಗೆ ತುಂಬುವ ಕಬ್ಬಿಣದ ಅದಿರು. ಬೇರೆ ಅರ್ಥ ಯಾರಿಗೂ ಹೊಳೆಯಲ್ಲ. ಬೇಕಾದರೆ 'ಅದುರು' ಅಂತ ಉಕಾರ ಹಾಕಿ. ತುಟಿ ಅದುರುತ್ತೆ, ಕಿಟಕಿ ಅದುರುತ್ತೆ. ಅದು ಎಲ್ಲರ ಬಾಯಲ್ಲೂ ಇದೆ.

'ಮುರಿ' ಅಂತೂ ಖಂಡಿತ ಬೇಡ. ಗ್ಯಾರೇಜಿನ ಗೋಡೆ ಮೇಲೆ 'ಶಾಫ್ಟ್ ಮುರಿ' ಅಂತ ಇದ್ದರೆ ಹೊಸ ಹುಡುಗ ಸುತ್ತಿಗೆ ತಗೋತಾನೆ.

ಶಿಲುಬೆ ಕನ್ನಡದ್ದು ಅಂತ ಯಾರು ಹೇಳಿದ್ದು? ಅದು ಸಿರಿಯಾಕ್ ಮೂಲದ್ದು. ಕಂಪನವನ್ನು ಹೊರಗೆ ಹಾಕಿ ಶಿಲುಬೆಯನ್ನು ಒಳಗೆ ಕರೆದಿರಿ.

ಮರು: ಧಾರವಾಡದಿಂದ, ಮಂಗಳವಾರ ಸಂಜೆ

ಪದ ಕಟ್ಟುವ ಮೊದಲು ಒಂದು ಮಾತು. ಸಂಸ್ಕೃತ ಪದಕ್ಕೆ ಕನ್ನಡ ಪದ ಅಂಟಿಸಿದರೆ ಅರಿಸಮಾಸ. ಕೇಶಿರಾಜನ ಕಾಲದಿಂದ ಬಂದ ಎಚ್ಚರಿಕೆ ಇದು. 'ಕಂಪನತಾಣ', 'ಓರೆಕೋನ' ಇಂಥವನ್ನು ದಯವಿಟ್ಟು ಹುಟ್ಟುಹಾಕಬೇಡಿ.

ಯೋಕ್‌ಗೆ ನೊಗ ಚೆನ್ನಾಗಿ ಒಪ್ಪುತ್ತೆ. ಎರಡು ಎತ್ತಿನ ಹೆಗಲನ್ನು ಹಿಡಿಯುವುದು ನೊಗ, ಕ್ರಾಸಿನ ಎರಡು ತೋಳನ್ನು ಹಿಡಿಯುವುದೂ ಅದೇ ತರದ ಕವೆ. ಆದರೆ ಇದು ಅಚ್ಚಗನ್ನಡ ಅಂತ ಬೀಗುವುದು ಬೇಡ. ಸಂಸ್ಕೃತದ ಯುಗ, ಇಂಗ್ಲಿಷಿನ ಯೋಕ್ ಎರಡೂ ಒಂದೇ ಬೇರಿನವು. ನಮ್ಮ ನೊಗವನ್ನೂ ಆ ಯುಗದಿಂದಲೇ ತರಬೇಕು ಅನ್ನುವುದು ನನ್ನ ಅಭಿಪ್ರಾಯ.

ಮರು: ಬೆಂಗಳೂರಿನಿಂದ, ಮಂಗಳವಾರ ರಾತ್ರಿ

ಮೇಷ್ಟ್ರೇ, ತಮಿಳಿನಲ್ಲಿ ನುಗಂ, ಮಲಯಾಳದಲ್ಲಿ ನುಕಂ, ನಮ್ಮಲ್ಲಿ ನೊಗ. ಮೂರರಲ್ಲೂ ಮೊದಲಿಗೆ ನಕಾರ. ಯಕಾರ ಎಲ್ಲಿ ಹೋಯಿತು? ಉಳುಮೆ ಮಾಡುವವನು ಎತ್ತಿನ ಹೆಗಲಿಗೆ ಮರ ಇಡಲು ಪಂಡಿತರನ್ನು ಕಾಯುತ್ತಾ ಕೂತಿರಲಿಲ್ಲ.

ಮರು: ಧಾರವಾಡದಿಂದ, ಮಂಗಳವಾರ ರಾತ್ರಿ

ಹಳೆಯ ಯಕಾರ ನಕಾರ ಆಗುವುದು ದ್ರಾವಿಡ ಭಾಷೆಗಳಲ್ಲಿ ಹೊಸದೇನಲ್ಲ. ಸಂಸ್ಕೃತದ ಯಮ ತಮಿಳಿನಲ್ಲಿ ನಮನ್ ಆಗಲಿಲ್ಲವೇ? ಓದಿಕೊಂಡು ಬನ್ನಿ.

ಮರು: ಪುಣೆಯಿಂದ, ಬುಧವಾರ ಬೆಳಿಗ್ಗೆ

ಇಬ್ಬರೂ ಸ್ವಲ್ಪ ನಿಲ್ಲಿ. ಕಳಸದವರಿಗೆ ಶುಕ್ರವಾರ ಪದ ಬೇಕು. ನೊಗ ಎಲ್ಲಿಂದಲೇ ಬಂದಿರಲಿ, ಅರ್ಥ ಆಗುತ್ತೆ ಅಲ್ವಾ?

ನಾನು ಇಪ್ಪತ್ತು ವರ್ಷದಿಂದ ವಾಹನಗಳ ಟೆಸ್ಟಿಂಗ್‌ನಲ್ಲಿದ್ದೇನೆ. ಪದಕ್ಕಿಂತ ಮೊದಲು ವಸ್ತು ನೋಡೋಣ.

31 ಇಂಚಿನ ಟಯರು, 4.88 ರೇಷಿಯೋದ ಕ್ರೌನ್ ಪಿನಿಯನ್ (ಶಾಫ್ಟಿನ ತಿರುವನ್ನು ಚಕ್ರಕ್ಕೆ ಕೊಡುವ, ಆಕ್ಸಲಿನೊಳಗಿನ ಹಲ್ಲುಚಕ್ರಗಳು) ಇರುವ ಜೀಪು ಅಂತ ಇಟ್ಟುಕೊಳ್ಳಿ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಟಯರು ಸೆಕೆಂಡಿಗೆ ಸುಮಾರು 7 ಸುತ್ತು ತಿರುಗುತ್ತೆ. ಶಾಫ್ಟ್ ಅದರ 4.88 ಪಟ್ಟು, ಅಂದರೆ ಸುಮಾರು 33 ಸುತ್ತು. ಟಯರಿನ ದೋಷ ಇದ್ದರೆ ಸೆಕೆಂಡಿಗೆ 7 ಸಲ ಕುಟ್ಟುತ್ತೆ. ಒಂದೊಂದು ಕುಟ್ಟೂ ಬೇರೆ ಬೇರೆಯಾಗಿ ಗೊತ್ತಾಗುವಷ್ಟು ನಿಧಾನ. ಮುಂದಿನ ಚಕ್ರ ಆದರೆ ಸ್ಟೇರಿಂಗಿಗೆ, ಹಿಂದಿನದಾದರೆ ಸೀಟಿಗೆ ಗೊತ್ತಾಗುತ್ತೆ. ಶಾಫ್ಟಿನ ಬ್ಯಾಲೆನ್ಸ್ ತುಂಡು ಕಿತ್ತು ಹೋಗಿದ್ದರೆ, ಕೊಳವೆ ಕಲ್ಲಿಗೆ ತಾಗಿ ನೆಗ್ಗಿದ್ದರೆ, ಕೆಸರು ಒಣಗಿ ಅಂಟಿದ್ದರೆ ಸೆಕೆಂಡಿಗೆ 33 ಸಲ. ಇಲ್ಲಿ ಕುಟ್ಟುಗಳು ಬಿಡಿಬಿಡಿಯಾಗಿ ಗೊತ್ತಾಗಲ್ಲ. ಕನ್ನಡಿಯಲ್ಲಿ ಹಿಂದಿನ ಗಾಡಿ ಮಸುಕಾಗಿ ಕಾಣುತ್ತೆ.

ಮೂರನೆಯದೇ ಎತ್ತರ ಮಾಡಿಸಿದ ಜೀಪಿನ ಕಾಯಿಲೆ. ಕ್ರಾಸ್ ಜಾಯಿಂಟು ಓರೆಯಲ್ಲಿ ತಿರುಗುವಾಗ ಆಚೆ ಕಡೆಯ ವೇಗ ಒಂದೇ ಸಮ ಇರಲ್ಲ. ಒಂದು ಸುತ್ತಿನಲ್ಲಿ ಎರಡು ಸಲ ಜೋರು, ಎರಡು ಸಲ ನಿಧಾನ. ಹಾಗಾಗಿ ಸೆಕೆಂಡಿಗೆ 66. ಇದು ಅಲುಗಾಟಕ್ಕಿಂತ ಹೆಚ್ಚಾಗಿ ಸದ್ದಾಗಿ ಬರುತ್ತೆ. ಶಾಫ್ಟಿನ ಎರಡು ತುದಿಯ ನೊಗಗಳು ಒಂದೇ ನೇರಕ್ಕಿದ್ದು, ಎರಡು ಜಾಯಿಂಟಿನ ಕೋನವೂ ಸಮ ಇದ್ದರೆ, ಮುಂದಿನ ಜಾಯಿಂಟ್ ಮಾಡಿದ್ದನ್ನು ಹಿಂದಿನದು ಸರಿಮಾಡುತ್ತೆ. ಎರಡು ಕೋನದ ನಡುವೆ ಒಂದು ಡಿಗ್ರಿಗಿಂತ ಜಾಸ್ತಿ ವ್ಯತ್ಯಾಸ ಬರದಂತೆ ನೋಡಿಕೊಳ್ಳಬೇಕು. ಸ್ಪ್ರಿಂಗ್ ಕೂರುವ ಪೀಠವನ್ನು ಹೊಸದಾಗಿ ವೆಲ್ಡ್ ಮಾಡುವಾಗ ಆಕ್ಸಲ್ ಸ್ವಲ್ಪ ಮುಂದಕ್ಕೋ ಹಿಂದಕ್ಕೋ ತಿರುಗಿಬಿಟ್ಟರೆ ಈ ಲೆಕ್ಕ ಕೆಡುತ್ತೆ.

ಆದ್ದರಿಂದ ಒಂದು ಪದ ಸಾಲದು. 7ಕ್ಕೆ ಕುಲುಕು. 33ಕ್ಕೆ ಅದುರು. 66ಕ್ಕೆ ಗುಂಯ್ ಅಥವಾ ಮೊರೆತ. ಗಾಡಿ ಹೊರಡುವಾಗ ಮಾತ್ರ ಬಂದು ನಿಲ್ಲುವುದಕ್ಕೆ ನಡುಕ, ಚಳಿಜ್ವರದ ನಡುಕದ ಹಾಗೆ.

'ಇನ್ ಫೇಸ್' ಅಂದರೆ 'ನೊಗ ನೇರಕ್ಕಿದೆ' ಅಂತ ಬರೆಯಿರಿ. ನಾಮಪದವೇ ಬೇಕು ಅಂತ ಯಾಕೆ ಹಟ? ಕೋನ ಸರಿಮಾಡಲು ಆಕ್ಸಲ್ ಮತ್ತು ಸ್ಪ್ರಿಂಗ್ ನಡುವೆ ಕೊಡುವ ಕಬ್ಬಿಣದ ತುಂಡಿಗೆ ಬೆಣೆ. ಬಡಗಿಯ ಬೆಣೆಯೇ ಅದು. ಓರೆ ಅಳೆಯುವ ಸಾಧನಕ್ಕೆ ಓರೆಮಟ್ಟ. ಮೂಲೆಮಟ್ಟ, ರಸಮಟ್ಟ ಇವೆಯಲ್ಲ, ಅದೇ ಸಾಲಿಗೆ.

ಮರು: ಧಾರವಾಡದಿಂದ, ಬುಧವಾರ ಮಧ್ಯಾಹ್ನ

ಓರೆಮಟ್ಟ ಚೆನ್ನಾಗಿದೆ. ಒಪ್ಪಿದೆ. ಆದರೆ ಒಂದು ಕಡೆ ಓರೆ, ಇನ್ನೊಂದು ಕಡೆ ಕೋನ ಯಾಕೆ? ಒಂದನ್ನು ಹಿಡಿಯಿರಿ.

ಮರು: ಪುಣೆಯಿಂದ, ಬುಧವಾರ ಮಧ್ಯಾಹ್ನ

ಎರಡೂ ಬೇಕು ಮೇಷ್ಟ್ರೇ. ನೆಲಕ್ಕೆ ಹೋಲಿಸಿದರೆ ಶಾಫ್ಟ್ ಎಷ್ಟು ವಾಲಿದೆ ಅನ್ನುವುದು ಓರೆ. ಒಂದು ಜಾಯಿಂಟಿನ ಈಚೆ ಆಚೆ ಇರುವ ಎರಡು ಓರೆಗಳ ವ್ಯತ್ಯಾಸ ಕೋನ. ಓರೆಮಟ್ಟ ಶಾಫ್ಟಿನ ಮೇಲೆ 14 ತೋರಿಸಿ, ಪಿನಿಯನ್ ನೊಗದ ಮೇಲೆ ಅದೇ ದಿಕ್ಕಿಗೆ 9 ತೋರಿಸಿದರೆ ಆ ಜಾಯಿಂಟಿನ ಕೋನ 5. ಎರಡಕ್ಕೂ ಒಂದೇ ಪದ ಇಟ್ಟರೆ ಹುಡುಗ 14 ಅಂತ ಬರೆದುಕೊಳ್ಳುತ್ತಾನೆ.

ಅರಿಸಮಾಸದ ಮಾತು ಬಂತು. ರಸಮಟ್ಟದಲ್ಲಿ ರಸ ಸಂಸ್ಕೃತ, ಮಟ್ಟ ನಮ್ಮದು. ಗಾರೆ ಕೆಲಸದವರು ಯಾರನ್ನೂ ಕೇಳದೆ ಕಟ್ಟಿದರು. ಮಳೆಗಾಲ ಅನ್ನದೆ ಮಲೆನಾಡಿನಲ್ಲಿ ಬದುಕಲು ಆಗುತ್ತಾ?

ಮರು: ಬೆಂಗಳೂರಿನಿಂದ, ಬುಧವಾರ ರಾತ್ರಿ

ಹೀಗೆ ಒಂದೊಂದೇ ಬಿಟ್ಟುಕೊಟ್ಟು ಕೊನೆಗೆ ಕನ್ನಡದಲ್ಲಿ ಉಳಿಯುವುದು 'ಇದೆ', 'ಮಾಡು' ಎರಡೇ. ಶಾಫ್ಟ್, ಕ್ರಾಸ್, ಸ್ಪ್ರಿಂಗ್, ಜಾಯಿಂಟ್. ನಿಮ್ಮ ಚೀಟಿಯಲ್ಲಿ ಕನ್ನಡ ಎಲ್ಲಿದೆ? ನಮ್ಮ ಮಕ್ಕಳು ಕೈಕೆಲಸವನ್ನು ಬೇರೆಯವರ ಮಾತಿನಲ್ಲೇ ಕಲಿಯಬೇಕಾ?

ಮರು: ಸಂಡೂರಿನಿಂದ, ಬುಧವಾರ ರಾತ್ರಿ

ಮೇಸ್ತ್ರಿ ಪೋರ್ಚುಗೀಸ್. ಚಾವಿ ಪೋರ್ಚುಗೀಸ್. ದುರಸ್ತಿ ಪಾರಸಿ. ಇವುಗಳನ್ನು ತೆಗೆದು ಗ್ಯಾರೇಜಿನ ಬಾಗಿಲು ತೆರೆಯಿರಿ ನೋಡೋಣ. ಅಂಗಡಿಗೆ ಹೋಗಿ ಕೇಳಿ ತರಬೇಕಾದ ವಸ್ತುವಿಗೆ ಅಂಗಡಿಯವನು ಅನ್ನುವ ಹೆಸರೇ ಹೆಸರು. 'ಕ್ರಾಸ್ ಕೊಡಿ' ಅಂದರೆ ಕೊಡುತ್ತಾನೆ. 'ಕೂಡುಶಿಲುಬೆ ಕೊಡಿ' ಅಂದರೆ ಪಕ್ಕದ ಅಂಗಡಿ ತೋರಿಸುತ್ತಾನೆ.

ಮರು: ಕಳಸದಿಂದ, ಗುರುವಾರ ರಾತ್ರಿ

ಎಲ್ಲರಿಗೂ ತುಂಬಾ ಧನ್ಯವಾದ. ಇವತ್ತು ಬೆಳಿಗ್ಗೆ ಒಂದು ಕೆಲಸ ಮಾಡಿದೆ. 'ವೈಬ್ರೇಷನ್' ಅಂತ ಜೀಪೊಂದು ಬಂದಿತ್ತು. ಹೊಸ ಹುಡುಗನನ್ನು ಹಿಂದೆ ಕೂರಿಸಿಕೊಂಡು ಸಂಸೆ ರಸ್ತೆಯಲ್ಲಿ ಹೋದೆ. ಕಣ್ಣು ಮುಚ್ಚು, ಅಂಗೈ ನೆಲದ ತಗಡಿನ ಮೇಲಿಡು, ಏನನ್ನಿಸುತ್ತೆ ಹೇಳು ಅಂದೆ. ಈ ಚರ್ಚೆಯ ಒಂದು ಪದವನ್ನೂ ಅವನಿಗೆ ಹೇಳಿರಲಿಲ್ಲ.

ನಲವತ್ತರಲ್ಲಿ "ಏನಿಲ್ಲಣ್ಣ" ಅಂದ. ಐವತ್ತು ದಾಟಿದ ಮೇಲೆ "ಗುಂಯ್ ಅಂತಿದೆ" ಅಂದ. ಅರವತ್ತರಲ್ಲಿ "ಕೈ ಜೋಮು ಹಿಡೀತು" ಅಂದು ಕೈ ತೆಗೆದ. ನ್ಯೂಟ್ರಲ್ ಮಾಡಿ ಗಾಡಿಯನ್ನು ಹಾಗೇ ಹರಿಯಲು ಬಿಟ್ಟೆ. ಗುಂಯ್ ನಿಲ್ಲಲಿಲ್ಲ. ಅಂದರೆ ಎಂಜಿನ್ನಿನದಲ್ಲ. ವಾಪಸ್ ಬಂದು ಅಡಿಗೆ ನುಗ್ಗಿ ನೋಡಿದೆವು. ನೊಗ ನೇರಕ್ಕಿತ್ತು. ಹಿಂದಿನ ಕ್ರಾಸಿನ ಬಟ್ಟಲಿನ ಸುತ್ತ ಕೆಂಪು ತುಕ್ಕಿನ ಪುಡಿ, ಗ್ರೀಸೇ ಇಲ್ಲ. ಮುಂದಿನ ಜಾಯಿಂಟಿನ ಕೋನ 9, ಹಿಂದಿನದು 5. ನಾಲ್ಕು ಡಿಗ್ರಿ ವ್ಯತ್ಯಾಸ. ಹೊಸ ಕ್ರಾಸ್ ಹಾಕಿ, ಬೆಣೆ ಕೊಟ್ಟು ನಾಳೆ ಮತ್ತೆ ಓಡಿಸುತ್ತೇವೆ.

ಆ ಹುಡುಗ ವೈಬ್ರೇಷನ್ ಅನ್ನಲಿಲ್ಲ, ಕಂಪನ ಅನ್ನಲಿಲ್ಲ. ಗುಂಯ್ ಅಂದ. ಅದೇ ಸಾಕಾಯಿತು ಎಲ್ಲಿ ನೋಡಬೇಕು ಅಂತ ತಿಳಿಯಲು. ಹಾಗಾಗಿ ಗೋಡೆಗೆ ಇಷ್ಟು ಬರೆಸುತ್ತೇನೆ:

ಕುಲುಕಿದರೆ ಚಕ್ರ ನೋಡು.
ಅದುರಿದರೆ ಶಾಫ್ಟ್ ನೋಡು.
ಗುಂಯ್ ಅಂದರೆ ಕ್ರಾಸ್ ನೋಡು, ಕೋನ ಅಳೆ.
ಹೊರಡುವಾಗ ನಡುಗಿದರೆ ಸ್ಪ್ರಿಂಗ್, ಕ್ಲಚ್ ನೋಡು.
ಶಾಫ್ಟ್ ಜೋಡಿಸುವಾಗ ಬಾಣಕ್ಕೆ ಬಾಣ, ನೊಗ ನೇರ.

ಬೆಂಗಳೂರಿನ ಸರ್, ಅದುರು, ನೊಗ, ಬೆಣೆ, ಓರೆಮಟ್ಟ ಎಲ್ಲ ಗೋಡೆಗೆ ಮತ್ತು ಚೀಟಿಗೆ ಹೋಗುತ್ತಿವೆ. ಶಾಫ್ಟ್, ಕ್ರಾಸ್ ಹಾಗೇ ಇರುತ್ತವೆ. ಬೇಜಾರು ಮಾಡಿಕೊಳ್ಳಬೇಡಿ.

ಕ್ಲಂಕ್‌ಗೆ ಮಾತ್ರ ಇನ್ನೂ ಸಿಕ್ಕಿಲ್ಲ. ರಿವರ್ಸಿನಿಂದ ಫಸ್ಟ್ ಗೇರಿಗೆ ಹಾಕಿ ಕ್ಲಚ್ ಬಿಟ್ಟಾಗ ಅಡಿಯಲ್ಲಿ ಒಂದೇ ಒಂದು ಸಲ ಬರುತ್ತದಲ್ಲ, ಆ ಸದ್ದು. ಚಿಕ್ಕಪ್ಪ 'ಟಣ್' ಅಂತಾರೆ, ಹುಡುಗರು 'ದಡಕ್' ಅಂತಾರೆ. ನನಗೆ ಎರಡೂ ಸರಿ ಅನ್ನಿಸುತ್ತಿಲ್ಲ. ನಾಳೆ ಮಧ್ಯಾಹ್ನದೊಳಗೆ ಯಾರಾದರೂ ಹೇಳಿ. ಗೋಡೆಯಲ್ಲಿ ಒಂದು ಸಾಲಿನ ಜಾಗ ಬಿಟ್ಟಿದ್ದೇನೆ.