ಮಾಂತ್ರಿಕನ ವ್ರತಕ್ಕೆ ಎಷ್ಟು ಶಕ್ತಿ ಕೊಡಬೇಕು?

ಪ್ರಶ್ನೆ (ವಿಜಯಪುರ):
ನಮಸ್ಕಾರ ಅಕ್ಕಾ. ನೀವು ರೋಲ್‌ಪ್ಲೇ ಆಟಗಳಿಗೆ (ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ದಾಳ ಹಾಕುತ್ತಾ ಕಥೆ ಕಟ್ಟುವ ಆಟ) ನಿಯಮ ಬರೆಯುವವರು ಅಂತ ಈ ಗುಂಪಿನಲ್ಲೇ ಗೊತ್ತಾಯಿತು. ನಾವು ಐದು ಜನ ಗೆಳೆಯರು ಪ್ರತಿ ಭಾನುವಾರ ನಮ್ಮ ಮನೆ ಮಾಳಿಗೆ ಮೇಲೆ ಆಡುತ್ತೇವೆ. ನಿಯಮ ನಾವೇ ಮಾಡಿಕೊಂಡಿದ್ದು. ಇಪ್ಪತ್ತು ಮುಖದ ದಾಳದಲ್ಲಿ 15 ಅಥವಾ ಜಾಸ್ತಿ ಬಿದ್ದರೆ ಮಂತ್ರ ಫಲಿಸುತ್ತದೆ. ಮಾಂತ್ರಿಕ ಒಂದು ವ್ರತ ಹಿಡಿದರೆ ದಾಳಕ್ಕೆ 2 ಸೇರುತ್ತದೆ. ಒಬ್ಬ ಗೆಳೆಯ ಒಟ್ಟಿಗೇ ಮೂರು ವ್ರತ ಹಿಡಿದುಬಿಟ್ಟ. ಮಾಂಸ ತಿನ್ನುವುದಿಲ್ಲ, ಸೋಮವಾರ ಸುಳ್ಳು ಹೇಳುವುದಿಲ್ಲ, ಕತ್ತಿ ಮುಟ್ಟುವುದಿಲ್ಲ. ಈಗ ಎಲ್ಲಾ ಕೆಲಸ ಅವನ ಮಂತ್ರದಿಂದಲೇ ಆಗುತ್ತದೆ. ಉಳಿದವರಿಗೆ ಬೇಜಾರು. ವ್ರತದ ನಿಯಮವನ್ನೇ ತೆಗೆದುಬಿಡಲಾ?

ಉತ್ತರ (ಬೆಳಗಾವಿ):
ತೆಗೆಯಬೇಡ ತಮ್ಮಾ. ನಿಮ್ಮ ಆಟದಲ್ಲಿ ಅದೇ ಒಳ್ಳೆಯ ನಿಯಮ. ಅಳತೆ ಮಾತ್ರ ತಪ್ಪಿದೆ.

ಮೊದಲು ಲೆಕ್ಕ ನೋಡು. 15ರಿಂದ 20 ಅಂದರೆ ಆರು ಮುಖ. ನೂರಕ್ಕೆ 30 ಸಲ ಫಲಿಸುತ್ತದೆ. ನಿನ್ನ ಗೆಳೆಯನಿಗೆ 6 ಸೇರುತ್ತದೆ, ಹಾಗಾಗಿ 9 ಬಿದ್ದರೂ ಸಾಕು. ಅದು ಹನ್ನೆರಡು ಮುಖ, ನೂರಕ್ಕೆ 60. ಸರಿಯಾಗಿ ಎರಡು ಪಟ್ಟು. ಅದಕ್ಕೆ ಅವನು ಏನು ಕೊಟ್ಟ? ಮಾಂತ್ರಿಕ ಹೇಗೂ ಕತ್ತಿ ಹಿಡಿಯುವುದಿಲ್ಲ. ನಿಮ್ಮ ಕಥೆಯಲ್ಲಿ ಯಾರಾದರೂ ಅವನಿಗೆ ಮಾಂಸದ ಊಟ ಬಡಿಸಿದ್ದಾರಾ? ಕಥೆಯಲ್ಲಿ ಸೋಮವಾರ ಅಂತ ಒಂದು ದಿನ ಯಾವತ್ತಾದರೂ ಬಂದಿದೆಯಾ?

ಗರ್ಪ್ಸ್ ಅಂತ 1986ರ ಒಂದು ಆಟವಿದೆ. ಅದರಲ್ಲಿ ವ್ರತಗಳಿಗೆ ಮೂರು ದರ್ಜೆ. ಸಣ್ಣದಕ್ಕೆ 5 ಅಂಕ, ದೊಡ್ಡದಕ್ಕೆ 10, ಘೋರ ವ್ರತಕ್ಕೆ 15. ಮಾಂಸ ಬಿಡುವುದು ಅಲ್ಲಿ ಸಣ್ಣದು. ಹಗಲು ಹೊತ್ತು ಮಾತ್ರ ಮೌನ, ಅದೂ ಸಣ್ಣದು. ಹಗಲೂ ರಾತ್ರಿ ಮೌನವಾದರೆ ದೊಡ್ಡದು. ಸಹಾಯ ಕೇಳಿ ಬಂದ ಯಾರಿಗೂ ಇಲ್ಲ ಅನ್ನುವುದಿಲ್ಲ ಅಂದರೆ ಘೋರ. ಕೇಳೋದಕ್ಕೆ ಇದು ಮೌನಕ್ಕಿಂತ ಸುಲಭ ಅನಿಸುತ್ತದೆ ಅಲ್ವಾ? ಆದರೆ ಆಡಿ ನೋಡು. ಓಡಿಹೋಗುವ ಹೊತ್ತಿಗೆ ದಾರಿಯಲ್ಲೊಬ್ಬ ಗಾಯಾಳು ಕೈ ಹಿಡಿಯುತ್ತಾನೆ. ಹಿಂದೆ ಶತ್ರು ಬರುತ್ತಿದ್ದಾನೆ. ಅಲ್ಲಿ ಗೊತ್ತಾಗುತ್ತದೆ ಅದರ ಭಾರ.

ನಾನು ನಿಯಮ ಬರೆಯುವಾಗ ಯಾವಾಗಲೂ ಭೀಷ್ಮನನ್ನು ನೆನೆಯುತ್ತೇನೆ. ಗದ್ದುಗೆ ಬಿಟ್ಟ, ಮದುವೆ ಬಿಟ್ಟ. ಅಪ್ಪ ಶಂತನು ಮೆಚ್ಚಿ ಇಚ್ಛಾಮರಣದ ವರ ಕೊಟ್ಟ. ವ್ರತ ಹಿಡಿದು ಶಕ್ತಿ ಪಡೆದ ಪಾತ್ರ ಅಂದರೆ ಇದೇ. ಆದರೆ ನಿಜವಾದ ಪರೀಕ್ಷೆ ಆವತ್ತು ಆಗಲಿಲ್ಲ. ವರ್ಷಗಳಾದ ಮೇಲೆ ಸತ್ಯವತಿಯ ಇಬ್ಬರೂ ಮಕ್ಕಳು ತೀರಿಕೊಂಡರು. ವಂಶ ನಿಂತುಹೋಗುವ ಹೊತ್ತು. ಯಾರ ಮದುವೆಗಾಗಿ ಆಣೆ ಮಾಡಿದ್ದನೋ ಅವಳೇ ಬಂದು ಆಣೆ ಬಿಡು ಅಂತ ಕೇಳಿದಳು. ಅವನು ಬಿಡಲಿಲ್ಲ. ನೋಡು, ವ್ರತ ಮುರಿಯಲು ಹೇಳಿದ್ದು ಶತ್ರು ಅಲ್ಲ. ಬೇಕಾದವರೇ ಬಂದು, ಒಳ್ಳೆಯ ಕಾರಣ ಹೇಳಿ ಕೇಳಿದರು. ನೀನು ಆಟ ನಡೆಸುವವನು. ಇಂಥ ಹೊತ್ತು ತಂದುಕೊಡುವುದು ನಿನ್ನ ಕೆಲಸ.

ನಮ್ಮ ಮೇಜಿನದೊಂದು ಉದಾಹರಣೆ ಹೇಳುತ್ತೇನೆ. ಒಬ್ಬ ಹುಡುಗಿಯ ಮಾಂತ್ರಿಕ 'ಬೇರೆಯವರ ಮನೆಯಲ್ಲಿ ಉಣ್ಣುವುದಿಲ್ಲ' ಅಂತ ವ್ರತ ಹಿಡಿದ. ಇಷ್ಟೇನಾ ಅಂದುಕೊಂಡೆವು. ಮುಂದಿನ ವಾರ ಕಥೆಯಲ್ಲಿ ಒಂದು ಬಡ ಮನೆ ಬಂತು. ಇದ್ದದ್ದರಲ್ಲೇ ಎರಡು ಖಡಕ್ ರೊಟ್ಟಿ, ಶೇಂಗಾ ಚಟ್ನಿ ಇಟ್ಟು ಆ ಮನೆಯ ಅಜ್ಜಿ ಉಣ್ಣಪ್ಪಾ ಅಂದಳು. ನಮ್ಮ ಕಡೆ ಎದುರಿಗೆ ಇಟ್ಟ ತಾಟು ಸರಿಸಿದರೆ ಏನಾಗುತ್ತದೆ ನಿನಗೇ ಗೊತ್ತು. ಕೋಟೆಯೊಳಗೆ ಹೋಗುವ ಗುಟ್ಟಿನ ದಾರಿ ಗೊತ್ತಿದ್ದದ್ದು ಆ ಅಜ್ಜಿಗೆ ಮಾತ್ರ. ಆ ಹುಡುಗಿ ಐದು ನಿಮಿಷ ಸುಮ್ನೆ ಕೂತಳು. ಕೊನೆಗೆ ಕೈಮುಗಿದು ಎದ್ದು ಹೊರಗೆ ಹೋಗಿ, ರಾತ್ರಿಯೆಲ್ಲಾ ಅಜ್ಜಿಯ ಮನೆಗೆ ಕಟ್ಟಿಗೆ ಒಡೆದೆ ಅಂದಳು. ಬೆಳಿಗ್ಗೆ ಅಜ್ಜಿ ದಾರಿ ತೋರಿಸಿದಳು. ಆ ವ್ರತಕ್ಕೆ ದಾಳಕ್ಕೆ 3 ಸೇರಿಸಿದರೂ ಯಾರೂ ತಕರಾರು ಮಾಡಲಿಲ್ಲ.

ಹಾಗಾಗಿ ಒಬ್ಬರಿಗೆ ಒಂದೇ ವ್ರತ ಇಡು. ಆ ಶಕ್ತಿ ಎಲ್ಲಾ ಮಂತ್ರಕ್ಕೂ ಬೇಡ, ವ್ರತಕ್ಕೆ ಸಂಬಂಧಪಟ್ಟ ಮಂತ್ರಕ್ಕೆ ಸಾಕು. ಸುಳ್ಳು ಬಿಟ್ಟವನಿಗೆ ಬೇರೆಯವರ ಸುಳ್ಳು ಹಿಡಿಯುವ ಮಂತ್ರದಲ್ಲಿ ಬಲ ಬರಲಿ. ಅವನು ಬೆಂಕಿ ಉಗುಳುವುದಕ್ಕೆ ಯಾಕೆ ಬಲ ಬರಬೇಕು?

ಪ್ರಶ್ನೆ (ವಿಜಯಪುರ):
ತುಂಬಾ ಥ್ಯಾಂಕ್ಸ್ ಅಕ್ಕಾ. ಇನ್ನೊಂದು. ಅವನ ಊಟದಲ್ಲಿ ಗೊತ್ತಾಗದ ಹಾಗೆ ಮಾಂಸ ಬೆರೆಸಿ ವ್ರತ ಕೆಡಿಸಬೇಕು ಅಂತ ಇದ್ದೆ.

ಉತ್ತರ:
ಬೇಡವೇ ಬೇಡ. ಅವನಿಗೆ ಗೊತ್ತಿಲ್ಲದೆ ಆದದ್ದು ಅವನ ತಪ್ಪಲ್ಲ. ಹಾಗೆ ಒಂದು ಸಲ ಮಾಡಿದರೆ ಮುಂದೆ ಪ್ರತಿ ತುತ್ತಿಗೂ 'ಇದರಲ್ಲಿ ಏನಿದೆ' ಅಂತ ಕೇಳುತ್ತಾ ಕೂರುತ್ತಾನೆ. ಕಥೆ ಅಲ್ಲೇ ನಿಲ್ಲುತ್ತದೆ. ಗೊತ್ತಿದ್ದೂ ಮುರಿದರೆ ಮಾತ್ರ ಶಕ್ತಿ ಹೋಗಲಿ. ಅದೂ ಶಾಶ್ವತವಾಗಿ ಅಲ್ಲ. ತಪ್ಪುಗಾಣಿಕೆ ಕಟ್ಟಲಿ. ಏನು ಕಟ್ಟಬೇಕು ಅನ್ನುವುದನ್ನು ಅವನ ಜೊತೆಗಾರರ ಪಾತ್ರಗಳು ತೀರ್ಮಾನಿಸಲಿ. ಈಗ ಬೇಜಾರಾಗಿರುವವರಿಗೂ ಆಗ ಆ ವ್ರತದಲ್ಲಿ ಪಾಲು ಸಿಗುತ್ತದೆ.

ಪ್ರಶ್ನೆ (ಬಾಗಲಕೋಟೆ):
ನಡುವೆ ಬಂದೆ, ಕ್ಷಮಿಸಿ ಅಕ್ಕಾರೆ. ವ್ರತದ ಬದಲು ಹರಕೆ ಇಟ್ಟರೆ ಹೇಗೆ? ಆದರೆ ನಾವು ಪ್ರತಿ ವರ್ಷ ಬಾದಾಮಿ ಬನಶಂಕರಿ ಜಾತ್ರೆಗೆ ಹೋಗುವವರು. ಆಟಕ್ಕೆ ತಂದರೆ ತಪ್ಪಾಗುತ್ತದಾ ಅಂತ ಅಳುಕು.

ಉತ್ತರ:
ಒಳ್ಳೆಯ ಪ್ರಶ್ನೆ ಕೇಳಿದಿರಿ. ಎರಡಕ್ಕೂ ವ್ಯತ್ಯಾಸ ದೊಡ್ಡದು. ವ್ರತದಲ್ಲಿ ಮೊದಲು ಕೊಡುತ್ತೇವೆ, ಆಮೇಲೆ ಪಡೆಯುತ್ತೇವೆ. ಹರಕೆಯಲ್ಲಿ ಮೊದಲು ಪಡೆಯುತ್ತೇವೆ, ಆಮೇಲೆ ತೀರಿಸುತ್ತೇವೆ. ಅಂದರೆ ಹರಕೆ ಒಂದು ಸಾಲ. ಆಟಕ್ಕೆ ಹೇಳಿ ಮಾಡಿಸಿದ ಹಾಗಿದೆ. ದಾಳ ಕೆಟ್ಟದಾಗಿ ಬಿದ್ದ ಮೇಲೂ ಮಾಂತ್ರಿಕ ಹರಕೆ ಹೊರಬಹುದು, ಆಗ ಮಂತ್ರ ಫಲಿಸುತ್ತದೆ ಅಂತ ಇಡಿ. ಕಷ್ಟ ಬಂದಾಗಲೇ ಅಲ್ವಾ ಜನ ಹರಕೆ ಹೊರುವುದು? ಏನು ಹೊತ್ತುಕೊಂಡ ಅಂತ ಒಂದು ಚೀಟಿಯಲ್ಲಿ ಬರೆದು ಎಲ್ಲರಿಗೂ ಕಾಣುವ ಹಾಗೆ ಮೇಜಿನ ಮೇಲೆ ಇಡಿ. ಅದು ತೀರುವ ತನಕ ಇನ್ನೊಂದು ಹರಕೆ ಇಲ್ಲ. ಮೂರು ವಾರ ತೀರಿಸದಿದ್ದರೆ ಆ ಮಂತ್ರ ಬಾಯಿಗೆ ಬರುವುದಿಲ್ಲ.

ದೇವರ ಹೆಸರು ಮಾತ್ರ ತರಬೇಡಿ. ನನಗೆ ಚಿಕ್ಕಂದಿನಲ್ಲಿ ಜ್ವರ ಬಿಡದೇ ಇದ್ದಾಗ ಅವ್ವ ಸವದತ್ತಿ ಎಲ್ಲಮ್ಮನಿಗೆ ದೀಡ ನಮಸ್ಕಾರದ ಹರಕೆ ಹೊತ್ತಿದ್ದಳು. ಮೊಣಕಾಲು ತರಚಿಕೊಂಡು ತೀರಿಸಿದಳು. ಅದನ್ನು ನಾನು ದಾಳದ ಲೆಕ್ಕಕ್ಕೆ ಹಾಕಲಾರೆ. ನಿಮ್ಮ ಕಥೆಗೆ ಒಂದು ಹಳೇ ಮರವನ್ನೋ, ಕೆರೆಯನ್ನೋ ಮಾಡಿಕೊಳ್ಳಿ. ಹರಕೆ ಅದಕ್ಕೆ ಹೋಗಲಿ.

ಪ್ರಶ್ನೆ (ವಿಜಯಪುರ):
ಅಕ್ಕಾ, ಗೆಳೆಯನಿಗೆ ನಿಮ್ಮ ಉತ್ತರ ತೋರಿಸಿದೆ. ಮೂರೂ ಬಿಟ್ಟು ಮೌನವ್ರತ ಒಂದೇ ಹಿಡಿಯುತ್ತೇನೆ ಅಂದ. ಆದರೆ ಅವನು ಮೂರು ತಾಸು ಮಾತಾಡದೆ ಹೇಗೆ ಕೂರುತ್ತಾನೆ?

ಉತ್ತರ:
ಅವನು ಮಾತಾಡಲಿ, ಅವನ ಪಾತ್ರ ಮಾತಾಡುವುದು ಬೇಡ. 'ನಾನು ಬಾಗಿಲ ಕಡೆ ಕೈ ತೋರಿಸುತ್ತೇನೆ' ಅಂತ ಅವನು ಬಾಯಿಬಿಟ್ಟು ಹೇಳಬಹುದು. ಸನ್ನೆ ನಡೆಯುತ್ತದಾ, ಬರವಣಿಗೆ ನಡೆಯುತ್ತದಾ ಅನ್ನುವುದನ್ನು ಇವತ್ತೇ ಗಟ್ಟಿ ಮಾಡಿಕೊಳ್ಳಿ. ನಾನಾದರೆ ಸನ್ನೆಗೆ ಒಪ್ಪುತ್ತೇನೆ, ಬರವಣಿಗೆಗೆ ಒಪ್ಪುವುದಿಲ್ಲ.

ಮತ್ತೆ ನಿಮ್ಮೂರಲ್ಲೇ ಗೋಳಗುಮ್ಮಟ ಇದೆಯಲ್ಲ ತಮ್ಮಾ! ಒಂದು ಸಲ ಮೇಲೆ ಹತ್ತಿ ಆ ಪಿಸುಗುಡುವ ಗ್ಯಾಲರಿಯಲ್ಲಿ ನಿಂತು ಬಾ. ಈ ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದ್ದು ಆಚೆ ಬದಿಯ ಗೋಡೆಗೆ ಕೇಳುತ್ತದೆ. ಒಂದು ಚಪ್ಪಾಳೆ ಹೊಡೆದರೆ ಏಳೆಂಟು ಸಲ ಮರಳಿ ಬರುತ್ತದೆ. ಅಂಥದ್ದೇ ಒಂದು ಗುಮ್ಮಟ ನಿಮ್ಮ ಕಥೆಯಲ್ಲಿ ಬರಲಿ. ಮೌನಿ ಒಬ್ಬನೇ ಮೇಲೆ ನಿಂತಿರಲಿ. ಆಚೆ ಬದಿಯಲ್ಲಿ ಶತ್ರುಗಳು ಪಿಸುಗುಟ್ಟುವುದು ಅವನಿಗೆ ಕೇಳಿಸಲಿ. ಕೆಳಗಿರುವ ಅವನ ಜೊತೆಗಾರರಿಗೆ ಏನೂ ಗೊತ್ತಿಲ್ಲ, ಕತ್ತಲಲ್ಲಿ ಸನ್ನೆ ಕಾಣುವುದಿಲ್ಲ. ಅವನು ಒಂದೇ ಒಂದು ಹೆಸರು ಕೂಗಿದರೂ ಅದು ಏಳೆಂಟು ಸಲ ಗುಮ್ಮಟದ ತುಂಬ ಕೇಳುತ್ತದೆ, ಶತ್ರುವಿಗೂ. ಅವನು ಏನು ಮಾಡಿದ ಅಂತ ಸೋಮವಾರ ಇಲ್ಲೇ ಬಂದು ಹೇಳು, ಕಾಯುತ್ತಿರುತ್ತೇನೆ.